ಎಂಟನೆಯ ಸರಪಳಿಗೆ ಎರಡು ಗುರುತು

ಹಡಗಿನ ಡೆಕ್ಕಿನ ಮೇಲೆ ಎಂಟನೆಯ ಲಂಗರು ಸರಪಳಿಯ ಕೊಂಡಿಗೆ ಬಿಳಿ ಬಣ್ಣ ಬಳಿಯುತ್ತಿದ್ದ ಅಳತೆಗಾರ್ತಿ ಕೈ ತಡೆದಳು. ಒಂದು ಮೀಟರ್ ಆಚೆ ಇನ್ನೊಂದು ಬಿಳಿ ಗುರುತು ಹಲ್ಲು ಕಿರಿಯುತ್ತಿತ್ತು.

“ಇದ್ಯಾರ ಕೆಲಸ?”

“ನಂದೇ ಕಣಮ್ಮ,” ಹಡಗಿನ ಕ್ಯಾಪ್ಟನ್ ಎದೆಯುಬ್ಬಿಸಿದ. “ನೀನು ಬಂದು ನಲವತ್ತು ದಿನ ಆಯ್ತಲ್ಲ, ಸಂಜೆ ದೋಣಿಗೆ ಮನೆಗೆ ಹೊರಡ್ಲಿ ಅಂತ ನಾನೇ ಹೊಸ ಟೇಪ್ ತಂದು ಅಳೆದುಬಿಟ್ಟೆ.”

ತೇಲುವ ಪ್ಲಾಟ್‌ಫಾರ್ಮನ್ನು ಎಂಟು ದಿಕ್ಕಿನಿಂದ ಕಡಲತಳಕ್ಕೆ ಬಿಗಿಯುವ ಸರಪಳಿಗಳವು. ಸರಪಳಿ ಎಳೆದು, ಗುರುತಿನ ಕೊಂಡಿ ಪ್ಲಾಟ್‌ಫಾರ್ಮಿನ ಅಂಚಿಗೆ ಬಂದಲ್ಲಿ ಬೀಗ ಹಾಕಬೇಕು. ಏಳು ಅವಳ ಅಳತೆಯಲ್ಲೇ ಮುಗಿದಿದ್ದವು. ಇದೊಂದಾದರೆ ಮನೆ. ಅಲುಗದ ಮಂಚ, ಚಿಲಕ ಹಾಕಿದ ಬಾಗಿಲು, ಯಾರೂ ಕೂಗದ ಒಂದು ಮಧ್ಯಾಹ್ನ. ಆ ಆಸೆ ಹಸಿದ ಬೆಕ್ಕಿನಂತೆ ಅವಳ ಕಾಲಿಗೆ ತೊಡರುತ್ತಿತ್ತು.

“ಅಕ್ಕಂದೇ ಸರಿ!” ಸೌಟು ಹಿಡಿದೇ ಓಡಿಬಂದ ಅಡುಗೆಯವನು. “ಎಂಟಕ್ಕೂ ಟೇಪಿನ ತುದಿ ಹಿಡಿದವನು ನಾನು!”

“ಅದಕ್ಕೇ ಅನುಮಾನ ಕಣಯ್ಯ! ನಿನ್ನ ಸಾರಿಗೆ ಉಪ್ಪೇ ಅಳತೇಲಿರಲ್ಲ!”

“ಉಪ್ಪಿನ ಸುದ್ದಿಗೆ ಬರ್ಬೇಡಿ ಸಾರ್!”

ಸೌಟು ಬೀಸಿದ ಹೊಡೆತಕ್ಕೆ ಬಣ್ಣದ ಡಬ್ಬಿ ಉರುಳಿ, ಕ್ಯಾಪ್ಟನ್ ಮೊಣಕಾಲವರೆಗೆ ಬಿಳಿ ಬಾತುಕೋಳಿಯಾದ. ಅತ್ತ ದೋಣಿಯ ಹಾರನ್ ಕೇಳಿಸಿತು. ಅವಳು ತನ್ನ ಟೇಪನ್ನು ಸರ್ರನೆ ಎಳೆದು ನೋಡಿದಳು. ಅದು ಶುರುವಾಗುತ್ತಿದ್ದದ್ದೇ ಒಂದು ಮೀಟರಿನಿಂದ!

ಅಡುಗೆಯವನನ್ನು ಮರೆಗೆಳೆದಳು. “ಇದರ ತುದಿ ಎಲ್ಲೋ?”

“ಅದಾ ಅಕ್ಕ? ಬಂದ ದಿನಾನೇ ಕತ್ತರಿಸಿ ಹಿಟ್ಟಿನ ಮೂಟೆ ಬಾಯಿ ಕಟ್ಟಿದೆ. ಇಷ್ಟುದ್ದದ ಟೇಪಲ್ಲಿ ಅಷ್ಟು ಹೋದ್ರೆ ಏನಂತೆ?”

ಅಂದರೆ ಏಳೂ ಸರಪಳಿ ತಲಾ ಒಂದು ಮೀಟರ್ ಗಿಡ್ಡ. ಕ್ಯಾಪ್ಟನ್ನಿನ ಗುರುತೇ ಸರಿ. ಆದರೆ ಇದೊಂದನ್ನು ಸರಿಯಾಗಿ ಕಟ್ಟಿದರೆ ಪ್ಲಾಟ್‌ಫಾರ್ಮ್ ಪಕ್ಕಕ್ಕೆ ಸರಿಯುತ್ತದೆ. ಏಳನ್ನೂ ಬಿಚ್ಚಬೇಕು, ಇನ್ನೊಂದು ತಿಂಗಳು. ಎಂಟೂ ಒಂದೇ ಸಮ ತಪ್ಪಿದರೆ ನಡುವಿಗೇ ನಿಲ್ಲುವುದಲ್ಲವೇ?

“ನನ್ನ ಗುರುತಿಗೇ ಹಾಕಿ ಬೀಗ!” ಎಂದು ಕೂಗಿದಳು.

ಬೀಗ ಬಿತ್ತು. ಸ್ವಲ್ಪ ಹೊತ್ತಿಗೆ ಪ್ಲಾಟ್‌ಫಾರ್ಮಿನಿಂದ, ಕೆಲಸ ಪರೀಕ್ಷಿಸುವ ಇನ್ಸ್‌ಪೆಕ್ಟರ್ ವಾಕಿಟಾಕಿಯಲ್ಲಿ ಕಿರುಚಿದ: “ನಟ್ಟನಡುವೆ ನಿಂತಿದೆ ಕಣ್ರೀ! ಇಂಥ ಕೈ ನಾನು ಕಂಡೇ ಇಲ್ಲ! ಪಕ್ಕದ ಪ್ಲಾಟ್‌ಫಾರ್ಮಿಗೂ ಈಯಮ್ಮನೇ ಬೇಕು. ದೋಣೀನ ಖಾಲಿ ಕಳಿಸಿಬಿಟ್ಟೆ!”

ಅಡುಗೆಯವನು ಸೌಟೆತ್ತಿ ಕುಣಿದ. ಬಿಳಿಗಾಲಿನ ಕ್ಯಾಪ್ಟನ್ನೂ ಕುಣಿದ. ಅವಳೂ ಚಪ್ಪಾಳೆ ತಟ್ಟಿದಳು. ಮುಂದಿನ ಎಂಟರಲ್ಲಿ ಒಂದೇ ಒಂದನ್ನು ಸರಿಯಾಗಿ ಅಳೆದು, ಪ್ಲಾಟ್‌ಫಾರ್ಮನ್ನು ಸೊಟ್ಟಗೆ ನಿಲ್ಲಿಸಿ, ಬೈಸಿಕೊಂಡು ಮನೆಗೆ ಹೋಗುವುದೆಂದು ನಿಶ್ಚಯಿಸಿದಳು.