ಮೂಗು ಸವೆದ ರಾಣಿಯರು

ನಾನು ಮಾನ್ವಿಯ ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರನಾಗಿದ್ದೆ. ಭೂಗೋಳ ಕಲಿಸುವವನಿಗೆ ಜಗತ್ತಿನ ಎಲ್ಲ ದೇಶಗಳೂ ಗೊತ್ತು. ದೇಶಗಳು ಗೊತ್ತಿದ್ದವನಿಗೆ ಅವುಗಳ ನಾಣ್ಯಗಳೂ ಗೊತ್ತಿರಲೇಬೇಕು. ಈ ಲೆಕ್ಕದಲ್ಲಿ ತಪ್ಪೇನಿದೆ, ನೀವೇ ಹೇಳಿ. ನನಗಂತೂ ಆಗ ಕಾಣಲಿಲ್ಲ!

ಎಂಬತ್ತನೆಯ ಇಸವಿಯ ಆಸುಪಾಸಿನ ಮಾತು. ಬೆಳ್ಳಿಯ ಬೆಲೆ ಏರಿದೆ ಎಂಬ ಸುದ್ದಿ ಹಬ್ಬಿ, ಊರಿನ ಅಜ್ಜಿಯಂದಿರ ಪೆಟ್ಟಿಗೆಗಳೆಲ್ಲ ತೆರೆದುಕೊಂಡವು. ಮೊದಲು ಬಂದವನು ನಮ್ಮ ಶಾಲೆಯ ಜವಾನ. ಅವನ ರೂಪಾಯಿಯ ಮೇಲೆ ಚಾರ್‌ಮಿನಾರ್ ಇತ್ತು. ನಾನು ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಗಂಟಲು ಸರಿಮಾಡಿಕೊಂಡು, "ಇದು ಹೈದರಾಬಾದಿಂದು. ನಿಜಾಮರ ಕಾಲದ್ದು" ಎಂದು ಘೋಷಿಸಿದೆ. ನಮ್ಮ ಕಡೆ ಎಮ್ಮೆ ಕಾಯುವವರಿಗೂ ಗೊತ್ತಿರುವ ಸಂಗತಿ. ಆದರೂ ಜವಾನ ಕೈಮುಗಿದ. ಅಂದಿನಿಂದ ನಾನು ನಾಣ್ಯತಜ್ಞನಾದೆ.

ನನ್ನ ಸಲಕರಣೆಗಳು ಎರಡು. ಶಾಲೆಯ ಅಟ್ಲಾಸು ಮತ್ತು ವಿಜ್ಞಾನದ ಮಾಸ್ತರರಿಂದ ಎರವಲು ತಂದ ಭೂತಗನ್ನಡಿ. ನನ್ನ ಹೆಂಡತಿ ಶಾಂತಾ ಇವೆರಡನ್ನೂ ಒಮ್ಮೆ ನೋಡಿ, ನನ್ನನ್ನೂ ಒಮ್ಮೆ ನೋಡಿದಳು.

"ಸಂತ್ಯಾಗ ಹುಳುಕು ಬದನಿಕಾಯಿ ಯಾವುದು, ಛಲೋದು ಯಾವುದು ಅಂತ ತಿಳಿಯಂಗಿಲ್ಲ ನಿಮಗ. ಬೆಳ್ಳಿ ರೊಕ್ಕ ನೋಡ್ತೀರಂತ!"

ಅಸೂಯೆ ಎಂದುಕೊಂಡು ಭೂತಗನ್ನಡಿ ಒರೆಸಿದೆ.

ಪಕ್ಕದ ಮನೆಯ ಅಜ್ಜಿ ಹುಸೇನ್‌ಬಿ ನಮ್ಮ ಓಣಿಗೆಲ್ಲ ನಾನಿ. ಅವರ ಗಂಡನ ಅಜ್ಜ ನಿಜಾಮರ ಅರಬ ಸಿಪಾಯಿಗಳಲ್ಲಿ ಒಬ್ಬರಾಗಿದ್ದರಂತೆ. ಒಂದು ಸಂಜೆ ನಾನಿ ಸೆರಗಿನ ಗಂಟು ಬಿಚ್ಚಿ, ಅಂಗೈ ತುಂಬುವಷ್ಟು ದೊಡ್ಡ ಐದು ನಾಣ್ಯಗಳನ್ನು ನನ್ನ ಮುಂದಿಟ್ಟರು. ಒಂದು ಕಡೆ ದಪ್ಪ ರಾಣಿ, ಇನ್ನೊಂದು ಕಡೆ ಎರಡು ತಲೆಯ ಹಕ್ಕಿ.

"ಮಾಸ್ತರ್, ಐತವಾರ ಮೊಮ್ಮಗಳು ಶಾಹಿದಾಂದು ನಿಕಾಹ್ ಅದ. ದೇವದುರ್ಗದಿಂದ ಬೀಗರು ಬರ್ತಾರ. ಇವು ನಮ್ಮ ಅತ್ತಿ ನನ್ನ ಉಡಿಯಾಗ ಹಾಕಿದ್ದು. ಈಗ ನಾ ಅಕಿ ಉಡಿಯಾಗ ಹಾಕಬೇಕು. ಯಾವ ದೇಶದ್ದು ಅಂತ ಬೀಗರು ಕೇಳಿದ್ರ ಏನ್ ಹೇಳಲಿ? ಅಷ್ಟ ಹೇಳು ಬೇಟಾ, ಸಾಕು."

ಅವರು ಕೇಳಿದ್ದು ಒಂದು ದೇಶದ ಹೆಸರು ಮಾತ್ರ. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಮಾತು ಮಾಸ್ತರರ ಬಾಯಿಗೆ ಅಭ್ಯಾಸವಿಲ್ಲ. ಭೂತಗನ್ನಡಿ ಹಿಡಿದೆ. ಇಸವಿ ಸಾವಿರದ ಏಳುನೂರ ಎಂಬತ್ತು! ಸವೆದ ಅಕ್ಷರಗಳ ನಡುವೆ 'ಆಸ್ಟ್' ಎಂಬ, ಯಾವುದೋ ದೇಶದ ಹೆಸರಿನ ತುಣುಕು ಕಂಡಿತು. ಅಟ್ಲಾಸು ತೆರೆದು, ಹಾಗೆ ಶುರುವಾಗುವ ದೇಶಗಳಲ್ಲಿ ದೊಡ್ಡದಾಗಿ ಕಂಡದ್ದನ್ನೇ ಕೊಟ್ಟುಬಿಟ್ಟೆ.

"ಆಸ್ಟ್ರೇಲಿಯಾ! ಇನ್ನೂರು ವರ್ಷದ್ದು ನಾನಿ! ಇದಕ್ಕ ಬೆಲಿ ಕಟ್ಟಿಸಬೇಕು. ನಾನ ರಾಯಚೂರಿಗೆ ಒಯ್ತೀನಿ."

"ಬೆಲಿ ಯಾಕ ಬೇಟಾ? ಮಾರಾಕಲ್ಲ."

"ಗೊತ್ತಿರಬೇಕು ನಾನಿ!" ಎಂದೆ. ಐದೂ ರಾಣಿಯರ ಮೂಗು ಸವೆದು ಮುಖ ಚಪ್ಪಟೆಯಾಗಿತ್ತು. 'ಇದೊಂದು ದೋಷ' ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ ಒಂದು ನಾಣ್ಯವನ್ನು ತೆರೆದಿದ್ದ ಅಟ್ಲಾಸಿನ ಮೇಲಿಟ್ಟು, ಕಾಗದ ಮುಚ್ಚಿ, ಪೆನ್ಸಿಲಿನಿಂದ ಉಜ್ಜಿ ಪಡಿಯಚ್ಚು ತೆಗೆಯುತ್ತಿದ್ದೆ. ಅಷ್ಟರಲ್ಲಿ, ಹಲ್ಲು ಬರುತ್ತಿದ್ದ ನಮ್ಮ ಮಗ ರಚ್ಚೆ ಹಿಡಿದ. ಅಟ್ಲಾಸು ಮುಚ್ಚಿ ತೊಟ್ಟಿಲು ತೂಗಲು ಹೋದೆ.

ಗುರುವಾರ ರಜೆ ಹಾಕಿ, ನಾಣ್ಯಗಳ ಗಂಟನ್ನು ಕಿಸೆಯಲ್ಲಿಟ್ಟು ಬಸ್ಸು ಹತ್ತಿದೆ. ಕಿಸೆಯ ಮೇಲಿಟ್ಟ ಕೈ ರಾಯಚೂರು ಬರುವತನಕ ತೆಗೆಯಲಿಲ್ಲ. ಪಕ್ಕದವನು ನಿದ್ದೆಗಣ್ಣಿನಲ್ಲಿ ನನ್ನ ಹೆಗಲಿಗೆ ವಾಲಿದರೆ ಕಳ್ಳನೆಂದುಕೊಂಡೆ. ಟಿಕೆಟ್ ಕೇಳಿದ ಕಂಡಕ್ಟರನನ್ನೂ ಸಂಶಯದಿಂದ ನೋಡಿದೆ.

ಬೆಳ್ಳಿ ಬಂಗಾರ ಮಾರುವ ಸರಾಫ ಬಜಾರಿನ ಒಂದು ಅಂಗಡಿಯಲ್ಲಿ ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡ ಹಿರಿಯ ಸರಾಫರು ಕೂತಿದ್ದರು. ನಾನು ಮಾನ್ವಿಯ ಮಾಸ್ತರನೆಂದು ಪರಿಚಯಿಸಿಕೊಂಡು, ದನಿ ತಗ್ಗಿಸಿ, "ಆಸ್ಟ್ರೇಲಿಯಾದ ಬೆಳ್ಳಿ. ಇನ್ನೂರು ವರ್ಷದ್ದು" ಎಂದು ಒಂದು ನಾಣ್ಯ ತೋರಿಸಿದೆ. ಅವರು ಕೆಳಗಿನಿಂದ ಅಗಲ ತಟ್ಟೆಯಂಥ ಒಂದು ಹಿತ್ತಾಳೆ ಪರಾತ ಎಳೆದರು. ಅದರ ತುಂಬ ಅದೇ ರಾಣಿ!

"ಮಾಸ್ತರ್ರ, ಇವು ಅರಬಸ್ತಾನದಾಗ ನಡೀತಿದ್ದ ರೊಕ್ಕ. ಅಚ್ಚು ಆಸ್ಟ್ರಿಯಾದ್ದು, ಆಸ್ಟ್ರೇಲಿಯಾದ್ದಲ್ಲ. ರಾಣಿ ಸತ್ತ ಮ್ಯಾಲ ಯಾವ ವರ್ಷ ಅಚ್ಚು ಹಾಕಿದ್ರೂ ಅಕಿ ಸತ್ತ ಇಸವಿನ ಹೊಡೀತಾರ. ನಿಮ್ಮವು ವಯಸ್ಸಿನಾಗ ನನಗಿಂತ ಸಣ್ಣವೂ ಇದ್ದಾವು!"

"ನಮ್ಮವು ಬ್ಯಾರೆ ಅದಾವ್ರಿ. ಬಾಜೂಕ ಇಟ್ಟು ನೋಡ್ರಿ" ಎಂದು ಆವೇಶದಿಂದ ಗಂಟು ಸುರಿದೆ. ಅವು ಪಕ್ಕದಲ್ಲಿ ಬೀಳಲಿಲ್ಲ. ಪರಾತದೊಳಗೇ ಬಿದ್ದವು! ಕೈಯಲ್ಲಿದ್ದದ್ದೂ ಜಾರಿ ಅವುಗಳ ಹಿಂದೆಯೇ ಹೋಯಿತು.

ಸರಾಫರು ಕನ್ನಡಕ ತೆಗೆದು ಒರೆಸಿಕೊಂಡರು. "ಎಷ್ಟು ಇದ್ವು?"

"ಐದು."

"ಐದು ಆರಿಸ್ಕೋರಿ. ಉಳಿದವು ಶನಿವಾರ ಕರಗಸಾಕ ಹೊಂಟಾವ. ಕಾಲ್ಗಡಗ ಮಾಡಸಬೇಕು."

ನಾನು ಶಾಸ್ತ್ರೋಕ್ತವಾಗಿ ಆರಿಸಿದೆ. ಮೂಗು ನೆಟ್ಟಗಿದ್ದ, ಕಣ್ಣು ಹುಬ್ಬು ತೀಡಿದಂತಿದ್ದ ಐದು ರಾಣಿಯರು! ಸವೆದವನ್ನು ಸರಾಫರಿಗೇ ಬಿಟ್ಟೆ. ನಾನಿಗೆ ಗೊತ್ತಿಲ್ಲದಂತೆ ಲಾಭ ಮಾಡಿಕೊಟ್ಟೆನೆಂದು ಒಳಗೊಳಗೇ ಹಿಗ್ಗಿದೆ. ಪಾಪ, ಸರಾಫರಿಗೆ ನಷ್ಟವಾಯಿತಲ್ಲ ಎಂದು ಮರುಕವೂ ಆಯಿತು.

ಶುಕ್ರವಾರ ಸಂಜೆ ನಾನಿಯ ಕೈಗೆ ನಾಣ್ಯ ಕೊಟ್ಟೆ. ಅವರು ನೋಡಲೇ ಇಲ್ಲ, ಹೆಬ್ಬೆರಳಿನಿಂದ ರಾಣಿಯ ಮುಖ ಸವರಿದರು.

"ಮಾಸ್ತರ್, ಇದಕ್ಕ ಮೂಗದ."

"ಎಲ್ಲಕ್ಕೂ ಅದಾವ ನಾನಿ!" ಎಂದೆ, ಹೆಮ್ಮೆಯಿಂದ.

ನಾನಿ ಹಾಗೇ ಕಟ್ಟೆಯ ಮೇಲೆ ಕುಸಿದರು. "ಯಾ ಅಲ್ಲಾ! ನಮ್ಮ ಮನ್ಯಾಗ ಹಲ್ಲು ಬರೋ ಕೂಸಿನ ಕೈಯಾಗ ಇದನ್ನ ಕೊಡ್ತೀವಿ. ತಣ್ಣಗಿರ್ತದ, ನುಂಗಾಕ ಬರಂಗಿಲ್ಲ. ನನ್ನ ಗಂಡ ಚೀಪ್ಯಾರ, ಮಕ್ಕಳು ಚೀಪ್ಯಾರ, ಶಾಹಿದಾ ಚೀಪ್ಯಾಳ. ಆ ಮೂಗು ಅವರೆಲ್ಲಾ ತಿಂದಿದ್ದು ಬೇಟಾ! ಇವು ಯಾರದೋ ರೊಕ್ಕ. ಇವನ್ನ ನಾ ಹೆಂಗ ಅಕಿ ಉಡಿಯಾಗ ಹಾಕಲಿ?"

ಬದಲಾಯಿಸಿದ್ದನ್ನು ಒಪ್ಪಿಕೊಂಡೆ. ನಾಳೆ ಶನಿವಾರ!

ಬೆಳಗಿನ ಮೊದಲ ಬಸ್ಸಿಗೆ ನಾನಿಯೊಂದಿಗೆ ಹೊರಟೆ. ನಾನಿ ತಸಬಿಯ ಮಣಿ ಎಣಿಸುತ್ತಿದ್ದರು. ನಾನು ಮನಸ್ಸಿನಲ್ಲೇ ಸರಾಫರ ಭಟ್ಟಿಯ ಬೆಂಕಿ ಆರಿಸುತ್ತಿದ್ದೆ. ಕಲ್ಲೂರಿನಲ್ಲಿ ಡ್ರೈವರ್ ಇಳಿದು ಚಹಾ ಕುಡಿದ. ಮಾತಾಡುತ್ತ ಇನ್ನೊಂದು ಚಹಾ ಕುಡಿದ! ಅವನ ಕಾಲಿಗೆ ಬೀಳುವುದೊಂದೇ ಬಾಕಿ.

ಅಂಗಡಿಗೆ ಹೋದರೆ ಪರಾತ ಅಲ್ಲಿರಲಿಲ್ಲ. ನಾನಿ ನನ್ನ ತೋಳು ಹಿಡಿದುಕೊಂಡರು.

"ಭಟ್ಟಿ ಹಚ್ಚ್ಯಾರ, ಇನ್ನಾ ಹಾಕಿಲ್ಲ," ಎಂದು ಸರಾಫರು ಒಳಗಿನಿಂದ ಬಂದರು. "ಲೆಕ್ಕ ತಾಳಿ ಬೀಳವಲ್ದು. ಗುರುವಾರದಿಂದ ಒಂದು ರಾಣಿ ಕಮ್ಮಿ ಬರಾಕತ್ತದ. ಯಾವ ಕಳ್ಳ ಹೊಡದನೋ!"

"ಕಾಲ ಕೆಟ್ಟದರಿ, ಯಾರನ್ನೂ ನಂಬಾಂಗಿಲ್ಲ," ಎಂದೆ, ಮನಃಪೂರ್ವಕವಾಗಿ.

ಸಂಗತಿ ಕೇಳಿ ಅವರು ಪರಾತ ತರಿಸಿದರು. ನಾನಿ ಕಣ್ಣು ಮುಚ್ಚಿ, ಒಂದೊಂದೇ ರಾಣಿಯ ಮುಖ ಸವರುತ್ತ ಹೋದರು. "ಇದು ನಮ್ಮ ಮನಿಯವರದು. ಇದು ರಹೀಮಂದು. ಇದು ಫಾತಿಮಾಂದು, ಗದ್ದಾನೂ ತಿಂದಾಳ. ಇದು ಸಣ್ಣಾವಂದು." ಭೂತಗನ್ನಡಿಯಿಲ್ಲ, ಅಟ್ಲಾಸಿಲ್ಲ! ನಾಲ್ಕು ಸಿಕ್ಕವು. ಇಡೀ ಪರಾತ ಎರಡು ಸಲ ಸವರಿದರೂ ಐದನೆಯದು ಸಿಗಲಿಲ್ಲ.

"ಶಾಹಿದಾಂದ ಇಲ್ಲ," ಎಂದರು ನಾನಿ. ಅವರ ಕಣ್ಣು ತುಂಬಿತ್ತು. ನನಗೆ ಭೂಮಿ ಬಾಯ್ತೆರೆಯಬಾರದೇ ಎನಿಸಿತು.

ಸರಾಫರು ನನ್ನನ್ನೇ ದಿಟ್ಟಿಸಿದರು. "ಮಾಸ್ತರ್ರ, ಮೊನ್ನಿ ನೀವು ಎಷ್ಟು ಸುರುವಿದ್ರಿ?"

"ಐದು."

"ಎಣಿಸಿದ್ರ್ಯಾ?"

ಭೂತಗನ್ನಡಿಯಲ್ಲಿ ನೋಡಿದ್ದೆ, ನೋಟ್‌ಬುಕ್ಕಿನಲ್ಲಿ ಬರೆದಿದ್ದೆ, ಪಡಿಯಚ್ಚು ತೆಗೆದಿದ್ದೆ. ಎಣಿಸಿರಲಿಲ್ಲ!

"ನಾಕು ಸುರುವಿ ಐದು ಒಯ್ದೀರಿ! ಎರಡು ದಿನದಿಂದ ನಮ್ಮ ಗುಮಾಸ್ತಗ ಬಾಯಿಗೆ ಬಂದಂಗ ಬೈದೀನಿ!"

ಮೂಲೆಯಲ್ಲಿದ್ದ ಗುಮಾಸ್ತ ನನ್ನನ್ನು ನೋಡಿದ. ಆ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಮೂಗುಳ್ಳ ಐದು ರಾಣಿಯರನ್ನೂ ಒಪ್ಪಿಸಿ, ಎಲ್ಲರಿಗೂ ಕೈಮುಗಿದು, ನಾಲ್ಕರ ಗಂಟಿನೊಂದಿಗೆ ಮಾನ್ವಿಗೆ ಮರಳಿದೆವು. ದಾರಿಯುದ್ದಕ್ಕೂ ನಾನಿ ಆ ನಾಲ್ಕನ್ನೇ ಮತ್ತೆ ಮತ್ತೆ ಸವರುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮನೆ ಬಾಗಿಲಲ್ಲಿ ಶಾಂತಾ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಮಗ ಎಂದೂ ಇಲ್ಲದಷ್ಟು ಶಾಂತನಾಗಿದ್ದ. ಅವನ ಬಾಯಲ್ಲಿ ಏನೋ ಹೊಳೆಯುತ್ತಿತ್ತು.

"ಏ, ಏನಿದು!"

"ನಿಮ್ಮ ಆಸ್ಟ್ರೇಲಿಯಾದಾಗ ಇತ್ತು. ಮುಂಜಾನಿ ಕಸ ಹೊಡಿಯಾಕ ಬುಕ್ಕು ಎತ್ತಿದ್ರ ಕೆಳಗ ಬಿತ್ತು. ಕೂಸು ಒಂದ ಸಮ ಅಳಾಕತ್ತಿತ್ತು. ತೊಳದು ಕೈಯಾಗ ಕೊಟ್ಟೆ, ಸುಮ್ಮನಾತು."

ನಾನಿ ಜೊಲ್ಲು ಒರೆಸಿ ಹೆಬ್ಬೆರಳು ಆಡಿಸಿದರು. "ಶಾಹಿದಾ!" ಎಂದು ಕೂಗಿ ನಮ್ಮ ಮಗನ ಕೆನ್ನೆಗೆ ಮುತ್ತಿಟ್ಟರು.

ಭಾನುವಾರ ನಿಕಾಹ್ ಮುಗಿದು, ಶಾಹಿದಾಳ ಉಡಿಗೆ ನಾಣ್ಯಗಳು ಬಿದ್ದವು. ದೇವದುರ್ಗದ ಹಿರಿಯ ಬೀಗರು ಅವನ್ನು ಕುತೂಹಲದಿಂದ ನೋಡಿ, ಇವು ಎಲ್ಲಿಯವು ಎಂದು ಕೇಳಿಯೇಬಿಟ್ಟರು. ನಾನಿ ನನ್ನತ್ತ ಬೆರಳು ತೋರಿ, "ನಮ್ಮ ಮಾಸ್ತರ್ ಹೇಳ್ತಾರ" ಎಂದರು. ಎಲ್ಲರೂ ನನ್ನತ್ತ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡೆ.

"ಮೊದಲು ಎಣಿಸ್ರಿ!" ಎಂದು ಹೆಂಗಸರ ಕಡೆಯಿಂದ ಶಾಂತಾಳ ದನಿ ಬಂತು.

ಮುಂದೆ ಬಾಗಿ ಎಣಿಸಿದೆ. "ಐದು ಅದಾವ್ರಿ," ಎಂದೆ.

ಜಗತ್ತಿನ ಬೆಳ್ಳಿ ನಾಣ್ಯಗಳ ಬಗ್ಗೆ ನಾನು ಖಚಿತವಾಗಿ ಹೇಳಿದ್ದು ಅದೊಂದೇ. ಅದನ್ನೂ ಎರಡು ಸಲ ಎಣಿಸಿಯೇ ಹೇಳಿದ್ದು!