ಕೊಟ್ಟಾರದ ಕಂಟ್ರೋಲ್ ರೂಮ್

ನಿವೃತ್ತನಾದ ಗಂಡ ಸುಮ್ಮನೆ ಕೂತರೆ ಹೆಂಡತಿಗೆ ಮಾತ್ರ ತಾಪತ್ರಯ. ಸುಮ್ಮನೆ ಕೂರದಿದ್ದರೆ ಇಡೀ ಕುಟುಂಬಕ್ಕೆ. ಕೊಟ್ಟಾರದ ಆಂಬ್ರೋಸ್ ಪೊರ್ಬುಗಳು ಎರಡನೆಯ ಜಾತಿಯವರು. ಕುವೈತಿನ ಎಣ್ಣೆ ಕಂಪೆನಿಯೊಂದರ ಕಂಟ್ರೋಲ್ ರೂಮಿನಲ್ಲಿ ಕೂತು, ಗೋಡೆ ತುಂಬ ಉರಿಯುವ ಹಸಿರು ಕೆಂಪು ದೀಪಗಳನ್ನು ಕಾಯುತ್ತಾ ತಲೆ ನೆರೆಸಿಕೊಂಡು ಬಂದವರು. ಊರಿಗೆ ಬಂದ ಮೇಲೆ ಅವರ ಪಾಲಿಗೆ ಉಳಿದದ್ದು ಇನ್ವರ್ಟರಿನ ಒಂದೇ ಒಂದು ದೀಪ. ಅದೂ ಯಾವಾಗಲೂ ಹಸಿರು. ಇದಕ್ಕಿಂತ ದೊಡ್ಡ ಅವಮಾನ ಇನ್ನೇನು ಬೇಕು!

ಆಗ ಅವರಿಗೆ ಆ ಮಹಾ ಯೋಜನೆ ಹೊಳೆಯಿತು. ಕುಟುಂಬದ ಫೋಟೋ, ವಿಡಿಯೋಗಳನ್ನೆಲ್ಲ ಯಾವುದೋ ದೊಡ್ಡ ಕಂಪೆನಿಯ ಕೈಗೆ ಕೊಡುವುದೇಕೆ? ಪ್ರತಿ ಮನೆಯಲ್ಲೂ ಸಾಬೂನು ಡಬ್ಬಿಯಷ್ಟು ದೊಡ್ಡ ಒಂದು ಯಂತ್ರ ಇಟ್ಟರಾಯಿತು. ಅದಕ್ಕೆ ನೋಡ್ ಎಂದು ಹೆಸರು. ನೋಡುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಒಂದರ ಸಾಮಾನನ್ನು ಇನ್ನೊಂದು ಜೋಪಾನ ಮಾಡುತ್ತವೆ. ಇದೇ ಪೀರ್-ಟು-ಪೀರ್ ನೆಟ್‌ವರ್ಕ್. ಪಡೀಲಿನ ಅಕ್ಕ ಡುಲ್ಸಿನ್ ಬಾಯ್ ಮನೆಗೊಂದು, ಕೂಳೂರಿನ ನಾದಿನಿ ಆನಿಯ ಮನೆಗೊಂದು, ಮೇಲಿನ ಫ್ಲ್ಯಾಟಿನ ಅನುಷ್ಕಾಳಿಗೊಂದು (ಆ ಹುಡುಗಿ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಪ್ಲಗ್ ಹಾಕಿ ಆಗಿತ್ತು), ಮತ್ತೆ ತಮ್ಮ ಮನೆಗೊಂದು.

“ಇದರಲ್ಲಿ ಯಜಮಾನ ಅಂತ ಯಾರೂ ಇಲ್ಲ. ಎಲ್ಲರೂ ಸಮ. ಎಲ್ಲರಿಗೂ ಎಲ್ಲರೂ ಕಾಣ್ತಾರೆ,” ಎಂದು ಪೊರ್ಬುಗಳು ಮನೆಮನೆಯಲ್ಲೂ ಭಾಷಣ ಬಿಗಿದರು. (ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ. ಅವರಂತೂ ಇಟ್ಟುಕೊಳ್ಳಲಿಲ್ಲ.)

ಹಾಲ್‌ನ ಟಿ.ವಿ.ಯಲ್ಲಿ ಸೀರಿಯಲ್ ಹೋಗಿ ಡ್ಯಾಶ್‌ಬೋರ್ಡ್ ಬಂತು. ನಾಲ್ಕು ಮನೆಗೆ ನಾಲ್ಕು ಹಸಿರು ಬೊಟ್ಟು. ಯಾವ ನೋಡ್ ಎಷ್ಟು ಹೊತ್ತು ಎಚ್ಚರ ಇತ್ತು, ಯಾವಾಗ ಮಲಗಿತು ಎಂಬುದಕ್ಕೆ ಕೆಳಗೆ ಗೆರೆಗಳು.

“ಹೋಯ್, ಇದೆಂತ ಟ್ರಾಫಿಕ್ ಸಿಗ್ನಲ್ ತಂದು ಇಟ್ಟದ್ದು?” ಹೆಂಡತಿ ಗ್ಲ್ಯಾಡಿಸ್ ಬಾಯಮ್ಮ ಸೊಂಟಕ್ಕೆ ಕೈಯಿಟ್ಟು ನಿಂತರು.

“ನೆಟ್‌ವರ್ಕಿನ ಆರೋಗ್ಯ ಮಾರಾಯ್ತಿ. ಎಲ್ಲ ಹಸಿರು ಇರಬೇಕು. ಹಸಿರು ಇದ್ದರೆ ಆರೋಗ್ಯ.”

“ನಿಮ್ಮ ಆರೋಗ್ಯ ಮೊದಲು ನೋಡಿ. ಡಾಕ್ಟರ್ ಎಂತ ಹೇಳಿದ್ದು, ಮರೆತುಹೋಯ್ತಾ?”

ಮರೆಯುವುದು ಹೇಗೆ? ರಕ್ತದಲ್ಲಿ ಕೊಬ್ಬು ಹೆಚ್ಚಾಗಿದೆ, ಪೋರ್ಕ್ ಮುಟ್ಟಬೇಡಿ ಎಂದಿದ್ದರು ಆ ನಿರ್ದಯಿ. ಗ್ಲ್ಯಾಡಿಸ್ ಮಾತ್ರ ಸ್ವಲ್ಪ ದಯೆ ತೋರಿ ಒಂದು ಒಪ್ಪಂದ ಮಾಡಿದ್ದರು. ಡುಲ್ಸಿನ್ ಬಾಯ್ ಮಗ ರಾಯ್‌ಸ್ಟನ್‌ಗೆ ಮದುವೆ. ಅದರ ಮುನ್ನಾದಿನ ಮದುಮಗನ ತಲೆಗೆ ತೆಂಗಿನ ಹಾಲು ಹೊಯ್ಯುವ ರೋಸ್ ಶಾಸ್ತ್ರ. ಅಲ್ಲಿಯವರೆಗೆ ಪೋರ್ಕ್ ಬಾಯಿಗಿಡದಿದ್ದರೆ ರೋಸ್ ದಿನ ಇಡ್ಲಿಯಂಥ ಸಾನ್ನದ ಜೊತೆ ಖಾರ ಮಸಾಲೆಯ ಪೋರ್ಕ್ ಬಫತ್ ಎರಡು ಸೌಟು. ಆ ಎರಡು ಸೌಟಿನ ಆಸೆಯಲ್ಲೇ ಪೊರ್ಬುಗಳು ಬೆಳಿಗ್ಗೆ ಓಟ್ಸ್ ನುಂಗುತ್ತಿದ್ದರು.

ಮರುದಿನವೇ ಕೂಳೂರು ಕೆಂಪಾಯಿತು. ಪೊರ್ಬುಗಳು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಫೋನ್ ಮಾಡಿದರು. “ಹಲೋ, ಕಂಟ್ರೋಲ್ ರೂಮ್. ನಿಮ್ಮ ನೋಡ್ ಡೌನ್ ಉಂಟು.”

“ಎಂತ ಡೌನ್ ಭಾವ? ಮಸಾಲೆ ಕಡೀಬೇಕಲ್ಲ! ಅಡುಗೆಮನೆಯಲ್ಲಿ ಪ್ಲಗ್ ಇರುವುದು ಒಂದೇ. ನಿಮ್ಮ ಡಬ್ಬಿ ತೆಗೆದು ಮಿಕ್ಸಿ ಹಾಕಿದೆ,” ಎಂದಳು ಆನಿ.

ಅಷ್ಟು ಹೊತ್ತಿಗೆ ಪಡೀಲೂ ಕೆಂಪು. ಅಲ್ಲಿಯೂ ಅದೇ ಕಥೆ. ಪೊರ್ಬುಗಳು ಕೂಡಲೇ ಒಂದು ನಿಯಮ ಹೊರಡಿಸಿದರು: ಒಂದೇ ಕಟ್ಟಡದ ಎರಡು ನೋಡ್ ಒಟ್ಟಿಗೆ ಕೆಂಪಾದರೆ ಕರೆಂಟ್ ಹೋಗಿದೆ, ಒಂದೇ ಕೆಂಪಾದರೆ ಯಾರದೋ ಕೈ ಆಡಿದೆ. ಈ ನಿಯಮವನ್ನು ವಾಟ್ಸ್‌ಆ್ಯಪ್ ಗುಂಪಿಗೂ ಹಾಕಿದರು.

ಗ್ಲ್ಯಾಡಿಸ್‌ಗೆ ಡ್ಯಾಶ್‌ಬೋರ್ಡಿನ ಮಹಿಮೆ ಅರ್ಥವಾದದ್ದು ಆಗಲೇ. ಸೀರಿಯಲ್ ಎಲ್ಲಿ, ಇದೆಲ್ಲಿ!

“ನೋಡಿ ನೋಡಿ, ಆನಿ ಇವತ್ತು ಬೆಳಿಗ್ಗೆಯೇ ಕಡೀಲಿಕ್ಕೆ ಸುರುಮಾಡಿದ್ದಾಳೆ. ಅದೂ ಎರಡೆರಡು ಸಲ! ಯಾರೋ ನೆಂಟರು ಇದ್ದಾರೆ. ನಮಗೆ ಹೇಳಲಿಲ್ಲ, ಕಳ್ಳಿ.”

“ಎರಡು ಸಲ ಅಂದರೆ ಮೀನೂ ಉಂಟು, ಕೋಳಿಯೂ ಉಂಟು,” ಎಂದು ಪೊರ್ಬುಗಳು ತಾಂತ್ರಿಕ ವಿಶ್ಲೇಷಣೆ ಕೊಟ್ಟರು. ಸ್ಕೂಟರ್ ತೆಗೆದರು. ಊಟದ ಹೊತ್ತಿಗೆ ಸರಿಯಾಗಿ ಕೂಳೂರಿನ ಬಾಗಿಲಲ್ಲಿ ಗಂಡಹೆಂಡತಿ ಹಲ್ಲು ಕಿರಿದು ನಿಂತಿದ್ದರು. “ಇಲ್ಲೇ ಹತ್ತಿರ ಬಂದಿದ್ದೆವು, ನೋಡಿ ಹೋಗುವ ಅಂತ.” ಇನ್ನೊಮ್ಮೆ ಪಡೀಲು. ಮತ್ತೊಮ್ಮೆ ಮೇಲಿನ ಫ್ಲ್ಯಾಟಿನ ಅನುಷ್ಕಾಳ ಕೋರಿರೊಟ್ಟಿ. ಇವರಿಗೆ ಮಾತ್ರ ಅಷ್ಟು ಸರಿಯಾಗಿ ವಾಸನೆ ಹೊಡೆಯುವುದು ಹೇಗೆಂದು ಕುಟುಂಬಕ್ಕೆ ಕುಟುಂಬವೇ ಬೆರಗಾಯಿತು.

ಬುಧವಾರ ಸಂಜೆ ಗ್ಲ್ಯಾಡಿಸ್ ನೊವೆನಾ ಪ್ರಾರ್ಥನೆಗೆಂದು ಇಗರ್ಜಿಗೆ ಹೋಗುತ್ತಾರೆ. ಆಗ ಕಂಟ್ರೋಲ್ ರೂಮಿನಲ್ಲಿ ಪೊರ್ಬುಗಳು ಒಬ್ಬರೇ. ಫ್ರೀಜರಿನಲ್ಲಿ ಬಟಾಣಿ ಪ್ಯಾಕೆಟ್ಟಿನ ಹಿಂದೆ ಗೋವಾ ಸಾಸೇಜು. (ಹೌದು, ಪೋರ್ಕಿನದೇ. ಹಾಗೆ ನೋಡಬೇಡಿ. ಓಟ್ಸ್ ತಿಂದವರಿಗೆ ಗೊತ್ತು ಆ ಸಂಕಟ.) ಒಲೆ ಹೊತ್ತಿಸಿದರೆ ಬಾಣಲೆ ಸಾಕ್ಷಿ ಹೇಳುತ್ತದೆ. ಆದ್ದರಿಂದ ಎಣ್ಣೆಯೇ ಬೇಡದ ಏರ್ ಫ್ರೈಯರನ್ನು ಬಾಲ್ಕನಿಯ ಬಾಗಿಲ ಬಳಿ ಇಟ್ಟು, ವಾಸನೆಯನ್ನು ಹೆದ್ದಾರಿಯ ಕಡೆಗೆ ಕಳಿಸುವುದು. ಅಲ್ಲಿಯೂ ಪ್ಲಗ್ ಒಂದೇ. ಪೊರ್ಬುಗಳು ನೋಡ್ ಕಿತ್ತು ಫ್ರೈಯರ್ ಹಾಕುವರು, ತಿಂದು ಕೈತೊಳೆದು ಮತ್ತೆ ನೋಡ್ ಹಾಕುವರು. ಗ್ಲ್ಯಾಡಿಸ್ ಬರುವಾಗ ಬೊಟ್ಟೂ ಹಸಿರು, ಗಂಡನೂ ಸಾಧು.

ರೋಸ್ ಹತ್ತಿರ ಬಂತು. ಅದರ ಹಿಂದಿನ ಬುಧವಾರ ಸಾಸೇಜು ಚುರುಗುಡುತ್ತಿದ್ದಾಗ ಫೋನ್ ಬಂತು. ಹಿನ್ನೆಲೆಯಲ್ಲಿ ನೊವೆನಾದ ಹಾಡು. ಮುಂದೆ ಗ್ಲ್ಯಾಡಿಸ್‌ರ ಪಿಸುದನಿ.

“ಹಲೋ, ಕಂಟ್ರೋಲ್ ರೂಮ್. ನಿಮ್ಮ ನೋಡ್ ಡೌನ್ ಉಂಟು.”

ಪೊರ್ಬುಗಳ ಬಾಯಿಯ ನೀರು ಅಲ್ಲೇ ಆರಿತು. “ಕ... ಕರೆಂಟ್ ಹೋಯ್ತು ಗ್ಲ್ಯಾಡಿ.”

“ಹೌದಾ? ಮೇಲೆ ಅನುಷ್ಕಾಳದ್ದು ಹಸಿರು ಉಂಟಲ್ಲ?”

ಅಷ್ಟರಲ್ಲಿ ಬೆಲ್ಲು. ಬಾಗಿಲು ತೆರೆದರೆ ಡುಲ್ಸಿನ್ ಬಾಯ್, ಹಿಂದೆ ಆನಿ. ಇಬ್ಬರ ಮುಖದಲ್ಲೂ ಊಟದ ಹೊತ್ತಿನ ನೆಂಟರ ನಗು.

“ಇಲ್ಲೇ ಹತ್ತಿರ ಬಂದಿದ್ದೆವು ಆಂಬ್ರೋಸ್, ನೋಡಿ ಹೋಗುವ ಅಂತ,” ಎಂದು ಡುಲ್ಸಿನ್ ಬಾಯ್ ಮೂಗೆಳೆಯುತ್ತಾ ಒಳಬಂದರು. “ಎಲ್ಲರಿಗೂ ಎಲ್ಲರೂ ಕಾಣ್ತಾರೆ ಅಂತ ನೀನೇ ಹೇಳಿದ್ದಲ್ಲವಾ? ರಾಯ್‌ಸ್ಟನ್ ಆ ಡ್ಯಾಶ್‌ಬೋರ್ಡನ್ನು ನಮ್ಮ ಮೊಬೈಲಿಗೂ, ಗ್ಲ್ಯಾಡಿಸ್‌ಳದ್ದಕ್ಕೂ ಹಾಕಿಕೊಟ್ಟ. ನಮ್ಮಲ್ಲಿ ಕೆಂಪಾದ ಕೂಡಲೇ ನೀವು ಹಾಜರ್. ಹಾಗಾದರೆ ಬುಧವಾರ ನಿಮ್ಮಲ್ಲಿ ಕೆಂಪಾಗುವುದು ಎಂತಕ್ಕೆ ಅಂತ ಗ್ಲ್ಯಾಡಿಸ್‌ಳ ಹತ್ರ ಕೇಳಿದೆ, ಅಷ್ಟೆ.”

ಆನಿ ಆಗಲೇ ಫ್ರೈಯರಿನ ಪೆಟ್ಟಿಗೆ ಎಳೆದಿದ್ದಳು. “ಭಾವ, ಉಂಡೆಪಾವ್ ಉಂಟಾ?”

ಇಬ್ಬರೂ ಕೂತು ಒಂದು ತುಂಡೂ ಬಿಡದೆ ತಿಂದರು. ಪೊರ್ಬುಗಳು ನಿಂತುಕೊಂಡೇ ನೋಡಿದರು. ತಿನ್ನಿ ಎಂದು ಅವರಿಗೆ ಯಾರೂ ಹೇಳಲಿಲ್ಲ.

ರೋಸ್ ದಿನ ಪೊರ್ಬುಗಳು ಸೋದರಳಿಯ ರಾಯ್‌ಸ್ಟನ್‌ನ ತಲೆಗೆ ತೆಂಗಿನ ಹಾಲು ಹೊಯ್ದು, ಎಲ್ಲ ಮರೆತುಹೋಗಿರಬಹುದೆಂಬ ಆಸೆಯಿಂದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತರು. ಬಫತ್‌ನ ದೊಡ್ಡ ಪಾತ್ರೆಯ ಹತ್ತಿರ ಸೌಟು ಹಿಡಿದು ನಿಂತದ್ದು ಬೇರೆ ಯಾರೂ ಅಲ್ಲ, ಗ್ಲ್ಯಾಡಿಸ್ ಬಾಯಮ್ಮ. ಪರಿಮಳಕ್ಕೆ ಪೊರ್ಬುಗಳ ಕಣ್ಣಲ್ಲಿ ನೀರು ಬಂತು. ತಟ್ಟೆ ಮುಂದೆ ಚಾಚಿದರು.

ಗ್ಲ್ಯಾಡಿಸ್ ಆ ಸೌಟನ್ನು ಕೆಳಗಿಟ್ಟು ಪಕ್ಕದ ಸೌಟು ತೆಗೆದರು. ಮೊದಲು ಬೀನ್ಸ್ ಪಲ್ಯ ಬಿತ್ತು. ಆಮೇಲೆ ಸೌತೆಕಾಯಿ. ಕೊನೆಗೆ, ಒಂದಲ್ಲ, ಎರಡು ಸೌಟು ಬಟಾಣಿ.

“ಎಂತ ನೋಡುವುದು?” ಎಂದರು ಗ್ಲ್ಯಾಡಿಸ್. “ಎಲ್ಲ ಹಸಿರು ಉಂಟಲ್ಲ. ಹೋಗಿ, ಮುಂದಿನವರಿಗೆ ಜಾಗ ಬಿಡಿ.”