ಮಾವನ ಪರ್ಸನಲಿ

ನನ್ನ ಸೋದರಮಾವನಿಗೆ ಬರುವುದು ಇಂಗ್ಲಿಷಿನ ಒಂದೇ ಒಂದು ಪದ: ಪರ್ಸನಲಿ. ಆದರೆ ಆ ಒಂದನ್ನು ಅವರಷ್ಟು ದುಡಿಸಿಕೊಂಡವರು ಇಂಗ್ಲೆಂಡಿನಲ್ಲೂ ಸಿಗಲಿಕ್ಕಿಲ್ಲ!

ಮಾವ ಹೊನ್ನಾವರದಲ್ಲಿ ದರ್ಜಿ. ಅಳತೆ ಕೊಡಲು ಬಂದ ಅಧಿಕಾರಿಯೊಬ್ಬರು, "ಪರ್ಸನಲಿ, ನನಗೆ ಸಡಿಲ ಪ್ಯಾಂಟೇ ಇಷ್ಟ" ಎಂದರಂತೆ. ಪ್ಯಾಂಟು ಎರಡೇ ದಿನದಲ್ಲಿ ಹೊಲಿಸಿಕೊಂಡು ಹೋಯಿತು, ಪದ ಮಾತ್ರ ಮಾವನ ಬಾಯಲ್ಲೇ ಉಳಿಯಿತು.

ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನನ್ನು ಕೇಳಿದರು, "ಪರ್ಸನಲಿ, ಈ ಬಸ್ಸು ಭಟ್ಕಳಕ್ಕೆ ಹೋಗ್ತದಾ?"

"ಪರ್ಸನಲಿ, ನಂಗೆ ಮನೆಗೆ ಹೋಗೂಕೆ ಮನಸ್ಸುಂಟು. ಬಸ್ಸು ಮಾತ್ರ ಭಟ್ಕಳಕ್ಕೇ ಹೋಗೂದು, ಹತ್ತಿ!"

ಇಡಗುಂಜಿ ದೇವಸ್ಥಾನದಲ್ಲಿ ಭಟ್ಟರು "ಪೂಜೆ ಯಾರ ಹೆಸರಲ್ಲಿ?" ಎಂದಾಗ ಮಾವ ಗಂಭೀರವಾಗಿ "ಪರ್ಸನಲಿ" ಎಂದರು. ಭಟ್ಟರು ಒಂದು ಕ್ಷಣ ಯೋಚಿಸಿ ಕೇಳಿದರು: "ಗೋತ್ರ?"

ಕುಮಟೆಯ ಹಲ್ಲಿನ ಡಾಕ್ಟರ ಬಳಿಯೂ ಅದೇ ಕಥೆ. ಯಾವ ಹಲ್ಲು ನೋವು ಎಂದರೆ, "ಪರ್ಸನಲಿ, ಎಡಗಡೇದು." ಡಾಕ್ಟರು ಜೊತೆಗೆ ಹೋಗಿದ್ದ ನನ್ನತ್ತ ತಿರುಗಿ, "ನಿಮ್ಮ ಅಭಿಪ್ರಾಯ ಎಂತ?" ಎಂದರು!

ನಾನೋ ಕಾಲೇಜಿನಲ್ಲಿ ಇಂಗ್ಲಿಷ್ ಮಾಸ್ತರ. ಎಷ್ಟಂತ ಸಹಿಸಲಿ? ಒಂದು ಭಾನುವಾರ ಅವರನ್ನು ಕೂರಿಸಿ ಪಾಠ ಮಾಡಿದೆ. ಸ್ವಂತ ಅಭಿಪ್ರಾಯ ಹೇಳುವಾಗ 'ನನ್ನ ಮಟ್ಟಿಗೆ' ಎಂಬ ಅರ್ಥದಲ್ಲಿ ಅದನ್ನು ಬಳಸಬೇಕು, ಇನ್ನೊಬ್ಬರನ್ನು ಕಳಿಸದೆ ಖುದ್ದಾಗಿ ಹೋದರೂ ಪರ್ಸನಲಿಯೇ. ಮೂಲ ಮಾತ್ರ ಲ್ಯಾಟಿನ್. ಅಲ್ಲಿ 'ಪರ್ಸೋನಾ' ಎಂದರೆ ನಾಟಕದ ಮುಖವಾಡ.

ಮಾವ ಕಣ್ಣರಳಿಸಿದರು. "ಮುಖವಾಡ ಹಾಕ್ಕಂಡು ಮನಸ್ಸಿನ ಮಾತು ಹೇಳೂದು ಹೆಂಗೆ ಮಾರಾಯಾ? ಪರ್ಸನಲಿ, ನಂಗೆ ಇದು ಒಪ್ಪಿಗೆ ಇಲ್ಲ!"

ಅಲ್ಲಿಗೆ ಪಾಠ ಮುಗಿಯಿತು.

ಕಳೆದ ವರ್ಷ ಅತ್ತೆಯ ಪಿತ್ತಕೋಶದಲ್ಲಿ ಕಲ್ಲು ಕಂಡಿತು. ಆಪರೇಷನ್ ಆಗಬೇಕೆಂದರು ಡಾಕ್ಟರು. ಆಸ್ಪತ್ರೆಯ ಮಂಚದ ಸುತ್ತ ನಾವೆಲ್ಲ ನೆರೆದೆವು. ನಾಳೆಯೇ ಆಗಲಿ ಎಂದ ಮಗ. ಬೇಡ, ಮಂಗಳೂರಿಗೆ ಹೋಗೋಣ ಎಂದಳು ಮಗಳು. ನಾನಾದರೂ ಬಿಟ್ಟೆನೆ? ಮೊಬೈಲಿನಲ್ಲಿ ಓದಿದ್ದನ್ನೆಲ್ಲ ಒದರಿದೆ. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಮಾತಾಡಿದವರ ಮುಖವನ್ನು ಒಂದೊಂದಾಗಿ ನೋಡುತ್ತಿದ್ದರು.

ಮಾವ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕುಳಿತರು.

"ಇವ್ರದ್ದೆಲ್ಲ ಆತು. ನಿಂಗೆ ಪರ್ಸನಲಿ ಎಂತ ಅನಿಸ್ತದೆ?"

ಹೌದಲ್ಲ, ಹೊಟ್ಟೆ ಅತ್ತೆಯದು!

ಅತ್ತೆ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಡಿಸಿದರು. "ಹೆದ್ರಿಕೆ ಆಗ್ತದೆ. ಇಲ್ಲೇ ಮಾಡ್ಲಿ. ಎಚ್ಚರ ಆಗುವಾಗ ನೀವು ಹತ್ರ ಇದ್ರೆ ಅಡ್ಡಿಲ್ಲ."

"ಇರ್ತೆ" ಎಂದರು ಮಾವ.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಊಟಕ್ಕೆ ಎಷ್ಟು ಕರೆದರೂ ಮಾವ ಮಂಚದ ಪಕ್ಕದಿಂದ ಏಳಲಿಲ್ಲ. ಮಧ್ಯಾಹ್ನ ಅತ್ತೆ ಕಣ್ಣು ಬಿಟ್ಟಾಗ ಅವರು ಮಂಚದ ಸರಳಿಗೆ ಹಣೆ ಆನಿಸಿ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಲು ಹೋದ ನನ್ನನ್ನು ಅತ್ತೆ ಕಣ್ಣಲ್ಲೇ ತಡೆದರು. ಸೂಜಿ ಚುಚ್ಚದ ಕೈಯನ್ನು ನಿಧಾನವಾಗಿ ಚಾಚಿ, ಅವರ ತಲೆಯ ಮೇಲಿಟ್ಟರು.